ಕಲಿಸಿದ ದ್ವೇಷ: ಕ್ಯಾಥೊಲಿಕರು ಮತ್ತು ಯೆಹೂದ್ಯರು

(ಕಳೆದ ಭಾನುವಾರ ಸಂಜೆ ಕಾರ್ಮಿಕ ಸಂಘದ ವಾಚನಾಲಯದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ. ಸದಸ್ಯರ ಅಪೇಕ್ಷೆಯ ಮೇರೆಗೆ ಇಲ್ಲಿ ಅಚ್ಚು ಹಾಕಿದೆ.)



ಹೋದ ತಿಂಗಳ ಕೂಟದಲ್ಲಿ ಹಿಟ್ಲರನ ವಿಚಾರ ಬಂದಾಗ ನೂಲುವ ಖಾತೆಯ ತರುಣರೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. “ಅರುವತ್ತು ಲಕ್ಷ ಯೆಹೂದ್ಯರನ್ನು ಕೊಂದರು ಅನ್ನುತ್ತೀರಿ. ಅಷ್ಟು ಜನರನ್ನು ಒಬ್ಬ ಹಿಟ್ಲರನಿಂದ ಕೊಲ್ಲಲಾದೀತೆ? ಊರೂರಿನ ಜನ ನೋಡುತ್ತ ಏಕೆ ನಿಂತರು?” ಎಂದು. ಆ ದಿನ ಹೊತ್ತಾಗಿತ್ತು. ಮುಂದಿನ ಸಲ ಹೇಳುತ್ತೇವೆಂದು ತಪ್ಪಿಸಿಕೊಂಡೆವು. ಸಭೆ ಮುಗಿದ ಮೇಲೆ ನಮ್ಮ ಸಂಘದ ಹಳೆಯ ಸದಸ್ಯರೊಬ್ಬರು, ಪ್ರತಿ ಭಾನುವಾರ ತಪ್ಪದೆ ಪೂಜೆಗೆ ಹೋಗುವ ಕ್ಯಾಥೊಲಿಕರು, ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಮೇಷ್ಟ್ರೇ, ಆ ಮಾತು ತೆಗೆದರೆ ನಮ್ಮ ಧರ್ಮಸಭೆಯ ಹೆಸರು ಬಂದೇ ಬರುತ್ತದೆ. ಬರಲಿ. ಆದರೆ ಹೇಳುವುದಾದರೆ ಪೂರ್ತಿ ಹೇಳಿ, ಅರ್ಧ ಹೇಳಬೇಡಿ.”

ಅವರ ಮಾತು ನ್ಯಾಯವಾದದ್ದು. ಇಂದು ಪೂರ್ತಿ ಹೇಳುವ ಪ್ರಯತ್ನ ಮಾಡುತ್ತೇವೆ. ಪೂರ್ತಿ ಹೇಳಿದಾಗ ಬರೀ ಪಾದ್ರಿಗಳ, ಅರಸರ ತಪ್ಪು ಮಾತ್ರ ಹೊರಬೀಳುವುದಿಲ್ಲ. ನಮ್ಮಂಥವರ, ಎಂದರೆ ದುಡಿಯುವವರ ಮತ್ತು ಅಂಗಡಿಕಾರರ ತಪ್ಪೂ ಹೊರಬೀಳುತ್ತದೆ. ಅದನ್ನು ಕೇಳುವ ಧೈರ್ಯವಿರಲಿ.

ಮೊದಲಿಗೇ ಒಂದು ಮಾತು. ನಾವು ಪಕ್ಷದ ಕೆಲಸಕ್ಕೆ ಬರುವ ಮೊದಲು ಶಾಲೆಯಲ್ಲಿ ಪಾಠ ಹೇಳಿದವರು. ಒಂದನೇ ತರಗತಿಗೆ ಬಂದು ಕೂರುವ ಮಗುವಿಗೆ ಅ ಆ ಇ ಈ ಬಾರದು. ಹಾಗೆಯೇ ದ್ವೇಷವೂ ಬಾರದು. ಎರಡನ್ನೂ ಯಾರೋ ಕಲಿಸಬೇಕು. ಇವತ್ತಿನ ಕಥೆ ಒಂದು ಪಾಠದ ಕಥೆ: ಅದನ್ನು ಕಲಿಸಿದವರಾರು, ಕಲಿತವರಾರು, ಲಾಭ ಉಂಡವರಾರು, ಕೊನೆಗೆ ಅದನ್ನು ಅಳಿಸಿದವರಾರು ಎಂಬ ಕಥೆ.

ಮೊದಲ ಪಾಠ

ಯೇಸು ಹುಟ್ಟಿನಿಂದ ಯೆಹೂದ್ಯ. ತಾಯಿ ಮರಿಯಮ್ಮ ಯೆಹೂದ್ಯ ಹೆಣ್ಣುಮಗಳು. ಹನ್ನೆರಡು ಮಂದಿ ಶಿಷ್ಯರೂ ಯೆಹೂದ್ಯರೇ. ಶಿಲುಬೆಗೆ ಜಡಿಯುವುದು ರೋಮನರ ಶಿಕ್ಷೆ; ಶಿಕ್ಷೆ ವಿಧಿಸಿದ ಪಿಲಾತನು ರೋಮ್ ಚಕ್ರವರ್ತಿಯ ಅಧಿಕಾರಿ. ಇದರಲ್ಲಿ ಯಾರ ವಿವಾದವೂ ಇಲ್ಲ. ಆದರೆ ನಾಲ್ಕನೆಯ ಶತಮಾನದಲ್ಲಿ ಕ್ರೈಸ್ತ ಧರ್ಮವೇ ರೋಮ್ ಸಾಮ್ರಾಜ್ಯದ ರಾಜಧರ್ಮವಾಯಿತು. ಅಷ್ಟರಲ್ಲಿ ರೋಮ್ ಅಧಿಕಾರಿಯ ತಪ್ಪು ಹಗುರಾಗುತ್ತ ಬಂದಿತ್ತು. ಯೆಹೂದ್ಯರ ತಪ್ಪು ಭಾರವಾಗುತ್ತ ಬಂದಿತ್ತು. ಅಂದು ಜೆರುಸಲೇಮಿನಲ್ಲಿದ್ದ ಕೆಲವರ ತಪ್ಪಲ್ಲ, ಇಡೀ ಕುಲದ ತಪ್ಪು. ಅಂದಿನವರದಷ್ಟೇ ಅಲ್ಲ, ಮುಂದೆ ಹುಟ್ಟಲಿರುವವರದೂ ಹೌದು ಎಂಬ ಪಾಠ ಪೀಠದಿಂದ ಪೀಠಕ್ಕೆ ಸಾಗಿತು. “ದೇವರನ್ನು ಕೊಂದವರು” ಎಂಬ ಹೆಸರು ಆ ಜನಕ್ಕೆ ಅಂಟಿತು.

ಆದರೂ ಯೆಹೂದ್ಯರನ್ನು ಕೊಲ್ಲಿರೆಂದು ಧರ್ಮಸಭೆಯ ಶಾಸ್ತ್ರ ಹೇಳಲಿಲ್ಲ. ಸಂತ ಅಗಸ್ಟೀನನು, ಅವರನ್ನು ಕೊಲ್ಲಬಾರದು, ಆದರೆ ಅವರು ತಗ್ಗಿ ಬಾಳಬೇಕು, ಹಳೆಯ ಗ್ರಂಥಕ್ಕೆ ಸಾಕ್ಷಿಯಾಗಿ ಉಳಿಯಬೇಕು ಎಂದು ವಾದಿಸಿದ. ಸುಮಾರು 1120ರಲ್ಲಿ ಪೋಪ್ ಎರಡನೆಯ ಕ್ಯಾಲಿಕ್ಸ್ಟಸರು ಯೆಹೂದ್ಯರ ಜೀವಕ್ಕೆ, ಆಸ್ತಿಗೆ, ಪ್ರಾರ್ಥನೆಗೆ ಅಡ್ಡಿ ಮಾಡಬಾರದೆಂದು ನಿರೂಪ ಹೊರಡಿಸಿದರು. ಮುಂದಿನ ಅನೇಕ ಪೋಪರು ಅದನ್ನೇ ಮತ್ತೆ ಮತ್ತೆ ಹೊರಡಿಸಿದರು. ಇದು ಸತ್ಯ, ಹೇಳಬೇಕಾದ ಸತ್ಯ. ಆದರೆ ಮಿತ್ರರೇ, ಕೊಲ್ಲಬೇಡಿ ಎಂಬ ಮಾತು ಲ್ಯಾಟಿನ್ ಭಾಷೆಯ ಕಾಗದದಲ್ಲಿತ್ತು. ಇವರು ದೇವರನ್ನು ಕೊಂದವರು ಎಂಬ ಮಾತು ಹಳ್ಳಿಯ ಬೋಧನೆಯಲ್ಲಿ, ಹಬ್ಬದ ನಾಟಕದಲ್ಲಿ, ಗೋಡೆಯ ಚಿತ್ರದಲ್ಲಿತ್ತು. ಅಕ್ಷರ ಬಾರದ ಬಡವನಿಗೆ ಮುಟ್ಟಿದ್ದು ಯಾವುದು?

1096ರಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಜೆರುಸಲೇಮನ್ನು ಗೆಲ್ಲಲು ಹೊರಟ ಮೊದಲನೆಯ ಧರ್ಮಯುದ್ಧದ ಗುಂಪುಗಳು, ಅಷ್ಟು ದೂರದ ಶತ್ರುವಿಗಿಂತ ಮೊದಲು ಮನೆಯ ಪಕ್ಕದವನನ್ನೇ ಮುಗಿಸೋಣವೆಂದು ರೈನ್ ನದಿಯ ದಂಡೆಯ ಊರುಗಳಿಗೆ ನುಗ್ಗಿದವು. ಸ್ಪೈಯರ್ ಎಂಬ ಊರಿನಲ್ಲಿ ಬಿಷಪರು ಗಟ್ಟಿಯಾಗಿ ನಿಂತರು. ಹೆಚ್ಚಿನ ಯೆಹೂದ್ಯರು ಬದುಕಿಕೊಂಡರು. ವೋರ್ಮ್ಸ್ ಮತ್ತು ಮೈನ್ಸ್ ಊರುಗಳಲ್ಲಿ ಬಿಷಪರ ಅರಮನೆಯೊಳಗೆ ಆಶ್ರಯ ಪಡೆದವರನ್ನೂ ಬಿಡಲಿಲ್ಲ. ಜ್ಞಾನಸ್ನಾನ, ಇಲ್ಲವೆ ಸಾವು ಎಂದಾಗ ತಾಯಂದಿರು ಮಕ್ಕಳನ್ನು ತಾವೇ ಕೊಂದು ಸತ್ತರೆಂದು ಆ ಕಾಲದ ಯೆಹೂದ್ಯ ವೃತ್ತಾಂತಗಳು ಹೇಳುತ್ತವೆ. ಐವತ್ತು ವರ್ಷದ ನಂತರ, 1146ರಲ್ಲಿ, ರಾಡುಲ್ಫನೆಂಬ ಸನ್ಯಾಸಿ ಅದೇ ಕೊಲೆಯನ್ನು ಬೋಧಿಸುತ್ತ ಹೊರಟಾಗ ಕ್ಲೇರ್ವೋ ಮಠದ ಸಂತ ಬರ್ನಾರ್ಡರು ತಾವೇ ಜರ್ಮನಿಗೆ ಹೋಗಿ ಅವನ ಬಾಯಿ ಮುಚ್ಚಿಸಿದರು. ಅಂದರೆ ನಿಲ್ಲಿಸಬೇಕೆಂಬ ಮನಸ್ಸಿದ್ದವನಿಗೆ ನಿಲ್ಲಿಸಲು ಸಾಧ್ಯವಿತ್ತು.

ಬಡ್ಡಿಯ ಲೆಕ್ಕ

ವ್ಯಾಪಾರಿ ಮಿತ್ರರು ಇನ್ನು ಮುಂದಿನದನ್ನು ಕಿವಿಗೊಟ್ಟು ಕೇಳಬೇಕು. ಯೆಹೂದ್ಯರೆಂದರೆ ಬಡ್ಡಿಯವರು ಎಂಬ ಮಾತು ಯೂರೋಪಿನಲ್ಲೆಲ್ಲ ಹಬ್ಬಿತ್ತು. ಅದು ಎಲ್ಲಿಂದ ಬಂತು?

ಅವರಿಗೆ ಭೂಮಿ ಹಿಡಿಯಲು ಬಹುಕಡೆ ಅವಕಾಶವಿರಲಿಲ್ಲ. ಕಸಬುದಾರರ ಸಂಘಗಳು ಒಬ್ಬೊಬ್ಬ ಸಂತನ ಹೆಸರಿನಲ್ಲಿ ಕ್ರೈಸ್ತ ಆಣೆ ಇಟ್ಟು ನಡೆಯುತ್ತಿದ್ದವು. ಅಲ್ಲಿಗೆ ಯೆಹೂದ್ಯ ನೇಕಾರನಿಗೆ, ಕಮ್ಮಾರನಿಗೆ ಪ್ರವೇಶವಿಲ್ಲ. 1179ರ ಧರ್ಮಸಮ್ಮೇಳನವು ಬಹಿರಂಗವಾಗಿ ಬಡ್ಡಿ ತಿನ್ನುವ ಕ್ರೈಸ್ತನಿಗೆ ಬಹಿಷ್ಕಾರ ವಿಧಿಸಿ, ಸತ್ತರೆ ಕ್ರೈಸ್ತ ಸಂಸ್ಕಾರವಿಲ್ಲವೆಂದಿತು. 1215ರಲ್ಲಿ ಪೋಪ್ ಮೂರನೆಯ ಇನ್ನೊಸೆಂಟರು ಕರೆದ ಸಮ್ಮೇಳನವು ಯೆಹೂದ್ಯರು ಬೇರೆಯೇ ಗುರುತಿನ ಉಡುಪು ತೊಡಬೇಕು, ಸರಕಾರಿ ಹುದ್ದೆ ಹಿಡಿಯಬಾರದು ಎಂದಿತು. ಸುತ್ತಲಿನ ಬಾಗಿಲುಗಳನ್ನೆಲ್ಲ ಮುಚ್ಚಿ ಒಂದೇ ಬಾಗಿಲು ತೆರೆದಿಟ್ಟು, ಆ ಬಾಗಿಲಿನಿಂದ ಹೊರಬಂದವನನ್ನು ಕಳ್ಳನೆಂದು ಕರೆದ ಹಾಗಾಯಿತು. ಯೆಹೂದ್ಯರೆಲ್ಲ ಸಾಹುಕಾರರೂ ಆಗಿರಲಿಲ್ಲ. ಬಹಳ ಮಂದಿ ಬಡವರೇ. ಕ್ರೈಸ್ತ ಸಾಹುಕಾರರಿಗೂ ಕೊರತೆಯಿರಲಿಲ್ಲ. ಇಟಲಿಯ ಲೊಂಬಾರ್ಡರು ಬೇರೆ ಬೇರೆ ಹೆಸರಿನಲ್ಲಿ ಬಡ್ಡಿ ಎಣಿಸಿಕೊಳ್ಳುತ್ತಲೇ ಇದ್ದರು.

ಬಂದ ಬಡ್ಡಿ ಎಲ್ಲಿಗೆ ಹೋಗುತ್ತಿತ್ತು? ಇಂಗ್ಲೆಂಡಿನಲ್ಲಿ ಯೆಹೂದ್ಯರು ಅರಸನ ಸೊತ್ತೆಂಬಂತೆ ಇದ್ದರು. ಮನಸ್ಸು ಬಂದಾಗ ಅರಸ ಅವರ ಮೇಲೆ ಭಾರಿ ತೆರಿಗೆ ಹಾಕುತ್ತಿದ್ದ. ಸಾಲ ಕೊಟ್ಟ ಯೆಹೂದ್ಯ ಸತ್ತರೆ ಅವನ ಪತ್ರಗಳ ಮೇಲೆ ಅರಸನಿಗೆ ಹಕ್ಕು. ಆಲೆಮನೆಯನ್ನು ನೆನೆದುಕೊಳ್ಳಿ. ಕಬ್ಬು ಬಡವ, ಗಾಣ ಯೆಹೂದ್ಯ, ರಸ ಬೀಳುವ ಕೊಪ್ಪರಿಗೆ ಅರಸನದು. ಕಬ್ಬಿನ ಕಣ್ಣಿಗೆ ಕಾಣುತ್ತಿದ್ದುದು ಗಾಣ ಮಾತ್ರ.

1190ರ ಮಾರ್ಚಿಯಲ್ಲಿ ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಏನಾಯಿತು ನೋಡಿ. ಯೆಹೂದ್ಯರು, ಸುಮಾರು 150 ಮಂದಿ, ಪ್ರಾಣಭಯದಿಂದ ಕೋಟೆಯ ಬುರುಜಿನಲ್ಲಿ ಅಡಗಿದರು. ಹೊರಗೆ ಮುತ್ತಿಗೆ ಹಾಕಿದ ಗುಂಪಿನ ಮುಂದಾಳುಗಳಲ್ಲಿ ಅವರಿಂದ ಸಾಲ ಪಡೆದಿದ್ದ ಜಹಗೀರುದಾರರಿದ್ದರು. ಒಳಗಿನವರಲ್ಲಿ ಹೆಚ್ಚಿನವರು ತಾವೇ ಪ್ರಾಣ ಕಳೆದುಕೊಂಡರು. ಶರಣಾಗಿ ಹೊರಬಂದವರನ್ನು ಕೊಂದರು. ಆ ಮೇಲೆ ಗುಂಪು ಎಲ್ಲಿಗೆ ಹೋಯಿತು? ನೇರವಾಗಿ ಊರಿನ ದೊಡ್ಡ ಇಗರ್ಜಿಗೆ. ಸಾಲದ ಪತ್ರಗಳನ್ನು ಜೋಪಾನಕ್ಕೆಂದು ಇಟ್ಟಿದ್ದು ಅಲ್ಲಿ. ಅವನ್ನು ಅಲ್ಲಿಯೇ ಸುಟ್ಟರು. ಧರ್ಮದ ಕೋಪವಾಗಿದ್ದರೆ ಕೊಲೆಯೊಂದಿಗೆ ತಣಿಯಬೇಕಾಗಿತ್ತು. ಕಿರ್ದಿ ಖಾತೆ ಸುಡುವ ತನಕ ತಣಿಯಲಿಲ್ಲ. ಅರಸ ರಿಚರ್ಡನು ನಾಲ್ಕು ವರ್ಷದ ನಂತರ ಕೈಗೊಂಡ ಮುನ್ನೆಚ್ಚರಿಕೆ ಏನು ಗೊತ್ತೆ? ಇನ್ನು ಮುಂದೆ ಪ್ರತಿ ಸಾಲಪತ್ರಕ್ಕೂ ಎರಡನೆಯ ಪ್ರತಿ ಮಾಡಿ ಸರಕಾರಿ ಪೆಟ್ಟಿಗೆಯಲ್ಲಿಡಬೇಕೆಂಬುದು. ಸತ್ತ ಜನ ಹೋದರು, ಕಾಗದ ಉಳಿಯಬೇಕು! ನೂರು ವರ್ಷ ಹೀಗೆ ಹಿಂಡಿ, ಇನ್ನು ರಸವಿಲ್ಲವೆಂದಾದಾಗ, 1290ರಲ್ಲಿ ಅರಸ ಒಂದನೆಯ ಎಡ್ವರ್ಡನು ಯೆಹೂದ್ಯರೆಲ್ಲರನ್ನೂ ದೇಶದಿಂದ ಹೊರಗಟ್ಟಿದ.

ನಮ್ಮವರ ಕೈ

ಕಾರ್ಮಿಕ ಬಂಧುಗಳು ತಲೆದೂಗುತ್ತಿದ್ದೀರಿ. ಅರಸರು, ಜಹಗೀರುದಾರರು, ಅವರು ಹಾಗೆಯೇ ಎನ್ನುತ್ತೀರಿ. ಈಗ ನಿಮ್ಮ ಸರದಿ.

1348ರಲ್ಲಿ ಯೂರೋಪಿನಲ್ಲಿ ಮಹಾಮಾರಿ ಪ್ಲೇಗು ಹಬ್ಬಿತ್ತು. ಊರಿಗೆ ಊರೇ ಖಾಲಿಯಾಯಿತು. ಕಾರಣ ಯಾರಿಗೂ ತಿಳಿಯದು. ಯೆಹೂದ್ಯರು ಬಾವಿಗೆ ವಿಷ ಹಾಕಿದ್ದಾರೆಂದು ಗಾಳಿಸುದ್ದಿ ಎದ್ದಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು. ಪೋಪ್ ಆರನೆಯ ಕ್ಲೆಮೆಂಟರು ಅದೇ ವರ್ಷ ಎರಡು ನಿರೂಪ ಹೊರಡಿಸಿ, ಈ ರೋಗದಲ್ಲಿ ಯೆಹೂದ್ಯರೂ ಸಾಯುತ್ತಿದ್ದಾರೆ, ಯೆಹೂದ್ಯರೇ ಇಲ್ಲದ ನಾಡಿನಲ್ಲೂ ರೋಗವಿದೆ, ಈ ಆಪಾದನೆ ನಂಬಲರ್ಹವಲ್ಲ ಎಂದರು. ಅಚ್ಚುಕಟ್ಟಾದ ತರ್ಕ. ಯಾರೂ ಕೇಳಲಿಲ್ಲ. ಸಾವಿರ ವರ್ಷ ಒಂದು ಪಾಠ ಹೇಳಿ, ಪರೀಕ್ಷೆಯ ದಿನ ಬೇರೆ ಉತ್ತರ ಬರೆಯಿರಿ ಎಂದರೆ ಮಕ್ಕಳು ಬರೆದಾರೆಯೆ?

ಸ್ಟ್ರಾಸ್‌ಬರ್ಗ್ ಪಟ್ಟಣದ ನಗರಸಭೆಯ ಮುಖಂಡರು ಈ ಸುದ್ದಿಯನ್ನು ನಂಬಲಿಲ್ಲ. ಯೆಹೂದ್ಯರ ರಕ್ಷಣೆಗೆ ನಿಂತರು. ಅವರನ್ನು ಕೆಳಗಿಳಿಸಿದವರು ಯಾರು? ಕಸಬುದಾರರ ಸಂಘಗಳು. ನಮ್ಮ ಯೂನಿಯನ್ನುಗಳಿಗೆ ಅಜ್ಜ ಮುತ್ತಜ್ಜ ಎನ್ನಬಹುದಾದ ಸಂಘಗಳು. 1349ರ ಫೆಬ್ರವರಿಯಲ್ಲಿ ಅವು ಆಯುಧ ಹಿಡಿದು ಬೀದಿಗಿಳಿದು ಹಳೆಯ ನಗರಸಭೆಯನ್ನು ಉರುಳಿಸಿದವು. ಫೆಬ್ರವರಿ 14, ಶನಿವಾರ, ಯೆಹೂದ್ಯರನ್ನು ಅವರ ಸ್ಮಶಾನಕ್ಕೆ ಒಯ್ದು ಮರದ ಅಟ್ಟಣೆಯ ಮೇಲೆ ಸುಟ್ಟರು. ಎರಡು ಸಾವಿರ ಮಂದಿ ಎಂದು ಆ ನಾಡಿನ ವೃತ್ತಾಂತ ಹೇಳುತ್ತದೆ. ಅವರಿಗೆ ಕೊಡಬೇಕಾಗಿದ್ದ ಸಾಲಗಳೆಲ್ಲ ವಜಾ ಆದವು. ಒತ್ತೆಯಿಟ್ಟ ವಸ್ತುಗಳು ಹಿಂದಕ್ಕೆ ಬಂದವು. ಸಿಕ್ಕಿದ ನಗದನ್ನು ಕಸಬುದಾರರಿಗೆ ಹಂಚಲಾಯಿತು. ಒಂದು ಅಂಶವನ್ನು ಗಮನಿಸಿ: ಆ ಸೀಮೆಯ ಬಿಷಪರು ಮತ್ತು ಶ್ರೀಮಂತರು ಅದಕ್ಕೆ ಕೆಲವೇ ದಿನ ಮೊದಲು ಸಭೆ ಸೇರಿ ಯೆಹೂದ್ಯರನ್ನು ತೊಲಗಿಸಬೇಕೆಂದು ಗೊತ್ತುಮಾಡಿಕೊಂಡಿದ್ದರು. ದೊಡ್ಡ ಸಾಲ ಯಾರದು? ದೊಡ್ಡವರದು. ಬೆಂಕಿ ಹಚ್ಚಿದ ಕೈ ಯಾರದು? ಬಡವರದು. ಕಸಬುದಾರನಿಗೆ ಸಿಕ್ಕಿದ್ದು ಒಂದು ಹಿಡಿ ನಾಣ್ಯ, ಜಹಗೀರುದಾರನಿಗೆ ಸಿಕ್ಕಿದ್ದು ಸಾಲದಿಂದ ಬಿಡುಗಡೆ. ಪ್ಲೇಗು? ಅದು ಆ ಮೇಲೂ ಬಂದೇ ಬಂತು.

ಒಳ್ಳೆಯ ಕೆಲಸದ ಜೊತೆ ವಿಷ ಬೆರೆತ ಇನ್ನೊಂದು ಉದಾಹರಣೆ ಕೊಡುತ್ತೇವೆ. 1462ರಲ್ಲಿ ಇಟಲಿಯ ಪೆರೂಜಾ ಪಟ್ಟಣದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳು ಬಡವರಿಗೆ ಅಲ್ಪ ಬಡ್ಡಿಗೆ ಒತ್ತೆಸಾಲ ಕೊಡುವ ಧರ್ಮನಿಧಿಯೊಂದನ್ನು ಕಟ್ಟಿದರು. ನಮ್ಮ ಸಹಕಾರಿ ಸಂಘದ ಹಾಗೆ. ಎಷ್ಟು ಒಳ್ಳೆಯ ಯೋಚನೆ! ಇಂಥ ನಿಧಿಗಳನ್ನು ಊರೂರಿಗೆ ಹರಡಿದ ಬರ್ನಾರ್ಡಿನೊ ಎಂಬ ಸನ್ಯಾಸಿ, ಅದೇ ನಾಲಿಗೆಯಿಂದ ಯೆಹೂದ್ಯರ ಮೇಲೆ ಬೆಂಕಿ ಕಾರುತ್ತಿದ್ದ. 1475ರಲ್ಲಿ ಅವನು ಟ್ರೆಂಟ್ ಪಟ್ಟಣದಲ್ಲಿ ತಪಸ್ಸುಕಾಲದ ಬೋಧನೆ ಮಾಡಿದ. ಕೆಲವೇ ದಿನಗಳಲ್ಲಿ ಸೀಮೋನನೆಂಬ ಎಳೆಯ ಮಗು ಸತ್ತು ಸಿಕ್ಕಿತು. ಹಬ್ಬಕ್ಕೆ ರಕ್ತ ಬೇಕೆಂದು ಯೆಹೂದ್ಯರೇ ಕೊಂದರೆಂದು ಹೇಳಿ, ಚಿತ್ರಹಿಂಸೆಯಿಂದ ತಪ್ಪೊಪ್ಪಿಗೆ ಹಿಂಡಿ, ಅಲ್ಲಿನ ಯೆಹೂದ್ಯ ಗಂಡಸರನ್ನು ಕೊಂದರು. ಈ ರಕ್ತದ ಆಪಾದನೆ ಸುಳ್ಳೆಂದು 1247ರಲ್ಲಿಯೇ ಪೋಪ್ ನಾಲ್ಕನೆಯ ಇನ್ನೊಸೆಂಟರು ಹೇಳಿದ್ದರು. ಆದರೂ ಆ ಮಗುವನ್ನು ಹುತಾತ್ಮನೆಂದು ನಾಲ್ಕು ಶತಮಾನಕ್ಕೂ ಮೀರಿ ಪೂಜಿಸಿದರು. ಬಡ್ಡಿಯ ವಿರುದ್ಧ ಹೋರಾಡುವುದು ಬೇರೆ, ಒಂದು ಜನದ ವಿರುದ್ಧ ಹೋರಾಡುವುದು ಬೇರೆ. ಈ ಗೆರೆ ಅಳಿಸಿಹೋದ ದಿನ ಸಹಕಾರ ತತ್ವವೂ ಕೊಲೆಗೆ ದಾರಿ ಮಾಡೀತು.

1555ರಲ್ಲಿ ಪೋಪ್ ನಾಲ್ಕನೆಯ ಪಾಲರು ರೋಮಿನ ಯೆಹೂದ್ಯರನ್ನು ಟೈಬರ್ ನದಿಯ ನೆರೆ ಬರುವ ತಗ್ಗಿನಲ್ಲಿ ಗೋಡೆ ಕಟ್ಟಿ ಕೂಡಿಹಾಕಿದರು. ರಾತ್ರಿ ಬಾಗಿಲಿಗೆ ಬೀಗ. ತಲೆಗೆ ಹಳದಿ ಟೋಪಿ. ಹಳೆಬಟ್ಟೆ, ಚಿಂದಿಯ ವ್ಯಾಪಾರ ಬಿಟ್ಟು ಬೇರೆ ವ್ಯಾಪಾರ ಮಾಡಕೂಡದು. ನೇಯ್ಗೆಯಲ್ಲಿ ಕೈ ಪಳಗಿದವರು ನೀವು. ಹೊಸ ಬಟ್ಟೆಯನ್ನು ಮುಟ್ಟಬಾರದು, ಹರಿದದ್ದನ್ನು ಮಾತ್ರ ಹೊಲಿದು ಬದುಕಬೇಕು ಎಂದರೆ ಹೇಗೆನಿಸೀತು? ನಡುವೆ ಅಲ್ಪಸ್ವಲ್ಪ ಬಿಡುವು ಸಿಕ್ಕರೂ ಆ ವ್ಯವಸ್ಥೆ ಪೂರ್ತಿ ಮುಗಿದದ್ದು 1870ರಲ್ಲಿ, ರೋಮ್ ಪೋಪರ ಆಡಳಿತದಿಂದ ಇಟಲಿಯ ಸರಕಾರದ ಕೈಗೆ ಬಂದಾಗ.

ಗೋವೆಯ ಬೂದಿ

ಇದೆಲ್ಲ ಕಡಲಾಚೆಯ ಕಥೆ ಎಂದುಕೊಳ್ಳಬೇಡಿ. ನಮ್ಮ ಕಾರವಾರದ ನೆರೆಯ ಗೋವೆಗೂ ಇದರ ಹೊಗೆ ಬಂದಿತ್ತು. 1492ರಲ್ಲಿ ಸ್ಪೇನಿನ ಅರಸ ಅರಸಿಯರು ಯೆಹೂದ್ಯರನ್ನು ಹೊರಗಟ್ಟಿದಾಗ ಬಹಳ ಮಂದಿ ಪೋರ್ಚುಗಲ್ಲಿಗೆ ಓಡಿದರು. ಅಲ್ಲಿ 1497ರಲ್ಲಿ ಅವರಿಗೆ ಬಲವಂತದ ಜ್ಞಾನಸ್ನಾನವಾಯಿತು. ಅಂಥದೊಂದು ಮನೆತನದಲ್ಲಿ ಹುಟ್ಟಿದವನು ಗಾರ್ಸಿಯಾ ದ ಓರ್ತ ಎಂಬ ವೈದ್ಯ. 1534ರಲ್ಲಿ ಇಂಡಿಯಾಕ್ಕೆ ಬಂದು ಗೋವೆಯಲ್ಲಿ ನೆಲೆಸಿದ. ಈ ನಾಡಿನ ಮೂಲಿಕೆ, ಔಷಧಿಗಳ ಮೇಲೆ ಅವನು ಬರೆದ ಪುಸ್ತಕ 1563ರಲ್ಲಿ ಗೋವೆಯಲ್ಲೇ ಅಚ್ಚಾಯಿತು. 1560ರಲ್ಲಿ ಗೋವೆಯಲ್ಲಿ ಧರ್ಮವಿಚಾರಣೆಯ ನ್ಯಾಯಸ್ಥಾನ ಸ್ಥಾಪನೆಯಾಗಿತ್ತು. ಗುಟ್ಟಾಗಿ ಯೆಹೂದ್ಯ ಧರ್ಮ ಪಾಲಿಸುತ್ತಾರೆಂದು ಶಂಕಿಸಿದ ಹೊಸ ಕ್ರೈಸ್ತರು ಅದರ ಮೊದಲ ಬಲಿಗಳಲ್ಲಿದ್ದರು. ಹಿಂದೂ ಮೂಲದ ಕ್ರೈಸ್ತರೂ ಅದರ ಕೈಯಲ್ಲಿ ನರಳಿದರು. ಗಾರ್ಸಿಯಾ 1568ರಲ್ಲಿ ತೀರಿಕೊಂಡ. ಮರುವರ್ಷ ಅವನ ತಂಗಿ ಕತರೀನಳನ್ನು ಸುಟ್ಟರು. 1580ರಲ್ಲಿ ಸತ್ತು ಹನ್ನೆರಡು ವರ್ಷವಾಗಿದ್ದ ವೈದ್ಯನ ಎಲುಬುಗಳನ್ನು ಗೋರಿಯಿಂದ ಅಗೆದು ತೆಗೆದು ಸುಟ್ಟರು. ಸಾವಿರಾರು ಜನರಿಗೆ ಮದ್ದು ಕೊಟ್ಟ ಕೈಯ ಎಲುಬು!

ಅದೇ ಕಾಲದಲ್ಲಿ ಕೊಚ್ಚಿಯ ರಾಜ ತನ್ನ ಅರಮನೆಯ ಪಕ್ಕದಲ್ಲಿಯೇ ಯೆಹೂದ್ಯರಿಗೆ ಜಾಗ ಕೊಟ್ಟ. 1568ರಲ್ಲಿ ಅಲ್ಲಿ ಕಟ್ಟಿದ ಪ್ರಾರ್ಥನಾಮಂದಿರ ಇಂದಿಗೂ ನಿಂತಿದೆ. ಇದು ಸಂತೋಷದ ಮಾತು. ಹಾಗೆಂದು ನಾವು ಬೆನ್ನು ತಟ್ಟಿಕೊಳ್ಳಬೇಕಾಗಿಲ್ಲ. ಊರ ಹೊರಗೆ ಕೇರಿ ಕಟ್ಟಿ, ಬಾವಿ ಮುಟ್ಟಬೇಡ ಎಂದು ಹೇಳಲು ನಮಗೆ ಯಾವ ಪೋಪರ ಅಪ್ಪಣೆಯೂ ಬೇಕಾಗಲಿಲ್ಲ.

ಅಂಗಡಿಕಾರನ ಓಟು, ಸಮಾಜವಾದಿಯ ಮೌನ

ಮತ್ತೆ ಯೂರೋಪಿಗೆ ಹೋಗೋಣ, ಹತ್ತೊಂಬತ್ತನೆಯ ಶತಮಾನದ ಕೊನೆಗೆ. ದೊಡ್ಡ ಕಾರಖಾನೆ, ದೊಡ್ಡ ಅಂಗಡಿಗಳು ಬಂದು ವಿಯೆನ್ನಾದ ಚಿಕ್ಕ ವ್ಯಾಪಾರಿಗಳು, ಕಸಬುದಾರರು ಕಂಗೆಟ್ಟಿದ್ದರು. ಕಾರ್ಲ್ ಲ್ಯುಗರ್ ಎಂಬ ಮುಂದಾಳು ಕ್ರೈಸ್ತ ಸಾಮಾಜಿಕ ಪಕ್ಷ ಕಟ್ಟಿ, ನಿಮ್ಮ ಕಷ್ಟಕ್ಕೆಲ್ಲ ಯೆಹೂದ್ಯರೇ ಕಾರಣ ಎಂದ. ಅಂಗಡಿಕಾರರು ಓಟು ಕೊಟ್ಟರು. 1897ರಿಂದ 1910ರವರೆಗೆ ಅವನೇ ಮೇಯರ್. ಗ್ಯಾಸು, ವಿದ್ಯುತ್ತು, ಟ್ರಾಮು ಎಲ್ಲವನ್ನೂ ನಗರಸಭೆಯದಾಗಿ ಮಾಡಿದ, ಅದು ಒಳ್ಳೆಯದೇ. ಆದರೆ ಅವನ ಸಭೆಗಳಲ್ಲಿ ಬಿತ್ತಿದ ಮಾತನ್ನು ಅದೇ ಊರಿನಲ್ಲಿ ಅಲೆಯುತ್ತಿದ್ದ ಒಬ್ಬ ತರುಣ ಕಲಿತುಕೊಂಡ. ಮುಂದೆ ತನ್ನ ಪುಸ್ತಕದಲ್ಲಿ ಲ್ಯುಗರನನ್ನು ಹೊಗಳಿದ. ಅವನ ಹೆಸರು ಅಡಾಲ್ಫ್ ಹಿಟ್ಲರ್.

ಫ್ರಾನ್ಸಿನಲ್ಲಿ 1894ರಲ್ಲಿ ಡ್ರೈಫಸ್ ಎಂಬ ಯೆಹೂದ್ಯ ಸೇನಾಧಿಕಾರಿಯನ್ನು ದೇಶದ್ರೋಹಿಯೆಂದು ಸುಳ್ಳು ಸಾಕ್ಷ್ಯದ ಮೇಲೆ ದ್ವೀಪಕ್ಕೆ ಅಟ್ಟಿದರು. ‘ಲಾ ಕ್ರುವಾ’ ಎಂಬ ಕ್ಯಾಥೊಲಿಕ್ ಪತ್ರಿಕೆ ಯೆಹೂದ್ಯರ ಮೇಲೆ ದಿನವೂ ವಿಷ ಕಾರಿತು. ಸಮಾಜವಾದಿಗಳು ಏನು ಮಾಡಿದರು? 1898ರ ಜನವರಿಯಲ್ಲಿ ಅವರ ಶಾಸನಸಭಾ ಸದಸ್ಯರು ಹೇಳಿಕೆ ಹೊರಡಿಸಿ, ಇದು ಶ್ರೀಮಂತರೊಳಗಿನ ಜಗಳ, ಕಾರ್ಮಿಕರು ಇದರಲ್ಲಿ ಬೀಳಬಾರದು ಎಂದರು. ಅದಕ್ಕೆ ಸಹಿ ಹಾಕಿದವರಲ್ಲಿ ಜಾನ್ ಜೋರೆಸರೂ ಒಬ್ಬರು. ಆದರೆ ಆ ಮಹಾನುಭಾವರು ಅದೇ ವರ್ಷ ತಮ್ಮ ತಪ್ಪು ತಿದ್ದಿಕೊಂಡರು. ಅನ್ಯಾಯಕ್ಕೊಳಗಾದವನು ಯಾವ ವರ್ಗದವನೇ ಆಗಲಿ, ಅವನು ಮೊದಲು ಮನುಷ್ಯ ಎಂಬ ನಿಲುವಿಗೆ ಬಂದು, ಸುಳ್ಳು ಸಾಕ್ಷ್ಯವನ್ನು ಒಂದೊಂದಾಗಿ ಬಿಚ್ಚಿ ಲೇಖನಮಾಲೆ ಬರೆದರು. ಡ್ರೈಫಸ್ ನಿರಪರಾಧಿಯೆಂದು ತೀರ್ಪಾಗಲು 1906 ಬರಬೇಕಾಯಿತು. ಜೋರೆಸರು ನಮಗೆ ಗುರುಗಳಾಗುವುದು ಅವರು ತಪ್ಪೇ ಮಾಡಲಿಲ್ಲವೆಂದಲ್ಲ, ತಪ್ಪನ್ನು ತಿದ್ದಿಕೊಂಡರೆಂದು.

ಹೊಗೆಯ ವರ್ಷಗಳು

ಹಿಟ್ಲರನ ಕಾಲಕ್ಕೆ ಬಂದೆವು. ಅವನ ಜನಾಂಗ ಸಿದ್ಧಾಂತ ಧರ್ಮಸಭೆಯ ಬೋಧನೆಯಲ್ಲ. ಧರ್ಮಸಭೆಗೆ ಜ್ಞಾನಸ್ನಾನ ಪಡೆದ ಯೆಹೂದ್ಯ ಕ್ರೈಸ್ತನೇ. ಹಿಟ್ಲರನಿಗೆ ಅವನೂ ಕೊಲ್ಲತಕ್ಕವನೇ. ಪೋಪ್ ಹನ್ನೊಂದನೆಯ ಪಿಯುಸರು 1933ರಲ್ಲಿ ಹಿಟ್ಲರನ ಸರಕಾರದೊಡನೆ ಒಪ್ಪಂದ ಮಾಡಿಕೊಂಡರೂ, 1937ರಲ್ಲಿ ಜರ್ಮನ್ ಭಾಷೆಯಲ್ಲಿಯೇ ನಿರೂಪ ಬರೆಸಿ ಜನಾಂಗಪೂಜೆಯನ್ನು ಖಂಡಿಸಿದರು. ಆದರೆ ಬೀಜ ಹಾಕಿದವನು ಬೇರೆ, ಹೊಲ ಹದ ಮಾಡಿದ್ದು ಆ ಹಳೆಯ ಪಾಠವೇ ಅಲ್ಲವೆ? ತರುಣ ಮಿತ್ರರ ಪ್ರಶ್ನೆಗೆ ಉತ್ತರ ಇಲ್ಲಿದೆ. ನೆರೆಯವನು ಶಾಪಗ್ರಸ್ತನೆಂದು ತಲೆತಲಾಂತರದಿಂದ ಕೇಳಿದ್ದವರು, ಅವನನ್ನು ಲಾರಿಗೆ ತುಂಬುವಾಗ ಕಿಟಕಿ ಮುಚ್ಚಿಕೊಂಡರು.

ಎಲ್ಲರೂ ಮುಚ್ಚಿಕೊಳ್ಳಲಿಲ್ಲ. ಬರ್ಲಿನ್ನಿನ ಪಾದ್ರಿ ಬರ್ನ್‌ಹಾರ್ಡ್ ಲಿಖ್ಟೆನ್‌ಬರ್ಗರು ಇಗರ್ಜಿಯಲ್ಲಿ ಬಹಿರಂಗವಾಗಿ ಯೆಹೂದ್ಯರಿಗಾಗಿ ಪ್ರಾರ್ಥಿಸಿದರು. 1941ರಲ್ಲಿ ಬಂಧನಕ್ಕೊಳಗಾಗಿ, 1943ರಲ್ಲಿ ಡಾಖೌ ಶಿಬಿರಕ್ಕೆ ಸಾಗಿಸುವ ದಾರಿಯಲ್ಲಿ ತೀರಿಕೊಂಡರು. ಫ್ರಾನ್ಸಿನ ಟುಲೂಸಿನ ಆರ್ಚ್‌ಬಿಷಪ್ ಸಾಲಿಯೇಜರು 1942ರ ಆಗಸ್ಟಿನಲ್ಲಿ ಯೆಹೂದ್ಯರೂ ನಮ್ಮ ಸೋದರರೆಂದು ಪತ್ರ ಬರೆದು ತಮ್ಮ ಇಗರ್ಜಿಗಳಲ್ಲಿ ಓದಿಸಿದರು. ಅದೇ ವರ್ಷ ಸ್ಲೊವಾಕಿಯಾದ ಅಧ್ಯಕ್ಷನಾಗಿದ್ದ ಯೋಸೆಫ್ ಟಿಸೊ ತನ್ನ ದೇಶದ ಯೆಹೂದ್ಯರನ್ನು ಜರ್ಮನರಿಗೆ ಒಪ್ಪಿಸುತ್ತಿದ್ದ. ಅವನೂ ಪಾದ್ರಿಯೇ. 1943ರ ಅಕ್ಟೋಬರ್ 16ರಂದು ಪೋಪರ ಊರಾದ ರೋಮಿನಲ್ಲಿಯೇ ಸಾವಿರಕ್ಕೂ ಹೆಚ್ಚು ಯೆಹೂದ್ಯರನ್ನು ಹಿಡಿದು ಆಷ್ವಿಟ್ಸಿಗೆ ಒಯ್ದರು. ಹಿಂದಿರುಗಿದವರು 16 ಮಂದಿ. ಪೋಪ್ ಹನ್ನೆರಡನೆಯ ಪಿಯುಸರು ಬಹಿರಂಗವಾಗಿ ಬಾಯಿ ಬಿಡಲಿಲ್ಲ. ಆ ದಿನಗಳಲ್ಲೇ ರೋಮಿನ ಮಠ, ಕನ್ಯಾಮಠಗಳು ಸಾವಿರಾರು ಯೆಹೂದ್ಯರನ್ನು ಬಚ್ಚಿಟ್ಟು ಉಳಿಸಿದವು. ಎರಡೂ ಸತ್ಯ, ಒಂದರಿಂದ ಇನ್ನೊಂದನ್ನು ಮುಚ್ಚಲಾಗದು. 2020ರಲ್ಲಿ ಆ ಕಾಲದ ಕಡತಗಳನ್ನು ವಿದ್ವಾಂಸರಿಗೆ ತೆರೆದ ಮೇಲೆಯೂ ವಾದ ಮುಗಿದಿಲ್ಲ.

ಹಿಟ್ಲರ್ ಸತ್ತ ಮೇಲಾದರೂ ಪಾಠ ಮರೆತುಹೋಯಿತೆ? 1946ರ ಜುಲೈ 4. ಪೋಲೆಂಡಿನ ಕಿಯೆಲ್ಸೆ ಪಟ್ಟಣ. ಎರಡು ದಿನ ಮನೆಗೆ ಬಾರದಿದ್ದ ಚಿಕ್ಕ ಹುಡುಗನೊಬ್ಬ, ಯೆಹೂದ್ಯರು ತನ್ನನ್ನು ಅವರ ಮನೆಯ ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದರೆಂದ. ಮತ್ತೆ ಅದೇ ರಕ್ತದ ಕಥೆ ಊರೆಲ್ಲ ಹಬ್ಬಿತು. ಸಾವಿನ ಶಿಬಿರಗಳಿಂದ ಹೇಗೋ ಬದುಕಿ ಬಂದವರು ಆ ಕಟ್ಟಡದಲ್ಲಿದ್ದರು. ಪೊಲೀಸರು, ಸಿಪಾಯಿಗಳು, ಊರ ಜನ ನುಗ್ಗಿದರು. ಮಧ್ಯಾಹ್ನ ಹತ್ತಿರದ ಉಕ್ಕಿನ ಕಾರಖಾನೆಯಿಂದ ನೂರಾರು ಕಾರ್ಮಿಕರು ಕಬ್ಬಿಣದ ಸಲಾಕೆ ಹಿಡಿದು ಬಂದರು. ಹೌದು ಬಂಧುಗಳೇ, ಕಾರ್ಮಿಕರು. ಕೆಂಬಾವುಟದ ಸರಕಾರವಿದ್ದ ದೇಶದಲ್ಲಿ. ಆ ದಿನ 42 ಯೆಹೂದ್ಯರು ಸತ್ತರು. ಹುಡುಗ ಇದ್ದದ್ದು ಹಳ್ಳಿಯಲ್ಲಿ, ತಂದೆಯ ಪರಿಚಯದವರ ಮನೆಯಲ್ಲಿ. ಇನ್ನೊಂದು ಮಾತು: ಆ ಕಟ್ಟಡಕ್ಕೆ ನೆಲಮಾಳಿಗೆಯೇ ಇರಲಿಲ್ಲ. ಅಷ್ಟು ಜನರಲ್ಲಿ ಒಬ್ಬನಾದರೂ ಬಗ್ಗಿ ನೋಡಿ, ಇಲ್ಲಿ ನೆಲಮಾಳಿಗೆ ಎಲ್ಲಿದೆ ಎಂದು ಕೇಳಿ ಗುಂಪನ್ನು ತಡೆಯಲಿಲ್ಲ.

ಪಾಠ ತಿದ್ದಿದ ಮೇಷ್ಟರು

ಕೊನೆಯ ಭಾಗ ಒಬ್ಬ ಮೇಷ್ಟರದು. ಫ್ರಾನ್ಸಿನ ಜೂಲ್ ಇಸಾಕರು ಯೆಹೂದ್ಯರು. ಶಾಲೆಯ ಇತಿಹಾಸ ಪುಸ್ತಕಗಳನ್ನು ಬರೆದವರು. ತಲೆಮಾರುಗಳ ಮಕ್ಕಳು ಅವರ ಪುಸ್ತಕ ಓದಿಯೇ ಬೆಳೆದರು. ತರುಣರಾಗಿದ್ದಾಗ ಡ್ರೈಫಸ್ ಪರ ನಿಂತವರು. 1940ರಲ್ಲಿ ಅವರನ್ನು ಕೆಲಸದಿಂದ ತೆಗೆದರು. 1943ರಲ್ಲಿ ಹೆಂಡತಿಯನ್ನೂ ಮಗಳನ್ನೂ ಹಿಡಿದೊಯ್ದರು. ಇಬ್ಬರೂ ಮರಳಿ ಬರಲಿಲ್ಲ. ಅರುವತ್ತು ದಾಟಿದ ಆ ಮನುಷ್ಯ ತಲೆಮರೆಸಿಕೊಂಡು ಅಲೆಯುತ್ತಲೇ ಒಂದು ದೊಡ್ಡ ಪುಸ್ತಕ ಬರೆದರು; 1948ರಲ್ಲಿ ಅಚ್ಚಾಯಿತು. ಅದರಲ್ಲಿ ಬೈಗುಳವಿಲ್ಲ. ಸುವಾರ್ತೆಗಳಲ್ಲಿ ಏನಿದೆ, ಧರ್ಮಬೋಧಕರು ಏನು ಕಲಿಸಿದರು ಎಂದು ಎರಡನ್ನೂ ಎದುರುಬದುರಾಗಿ ಇಟ್ಟು, ಪಾಠದಲ್ಲಿ ತಪ್ಪಿದೆ, ತಿದ್ದಿ ಎಂದರು. ಮೇಷ್ಟರು ಮಕ್ಕಳ ಪುಸ್ತಕ ತಿದ್ದುವ ಹಾಗೆ.

1960ರ ಜೂನ್ 13ರಂದು, 82ರ ಹರೆಯದಲ್ಲಿ, ಅವರು ರೋಮಿಗೆ ಹೋಗಿ ಪೋಪ್ ಇಪ್ಪತ್ತಮೂರನೆಯ ಜಾನರನ್ನು ಕಂಡರು. ಈ ಜಾನರು ರೈತನ ಮಗ. ಯುದ್ಧಕಾಲದಲ್ಲಿ ಇಸ್ತಾಂಬುಲಿನಲ್ಲಿದ್ದು ಯೆಹೂದ್ಯರು ಪಾರಾಗಲು ನೆರವಾದವರು. 1959ರಲ್ಲಿಯೇ ಶುಭಶುಕ್ರವಾರದ ಪ್ರಾರ್ಥನೆಯಿಂದ ಯೆಹೂದ್ಯರನ್ನು ಹೀಗಳೆಯುವ ಪದವನ್ನು ತೆಗೆಸಿದವರು. ಅವರು ಮೇಷ್ಟರ ಕಾಗದಗಳನ್ನು ತೆಗೆದುಕೊಂಡು, ಬೆಯಾ ಎಂಬ ಜರ್ಮನ್ ಕಾರ್ಡಿನಲರಿಗೆ ಕೆಲಸ ಒಪ್ಪಿಸಿದರು. ಮೇಷ್ಟರೂ ಪೋಪರೂ 1963ರಲ್ಲಿ ತೀರಿಕೊಂಡರು, ಫಲ ನೋಡಲಿಲ್ಲ. 1965ರ ಅಕ್ಟೋಬರ್ 28ರಂದು ವ್ಯಾಟಿಕನ್ ಸಮ್ಮೇಳನ 2,221 ಮತಗಳಿಂದ, 88 ಮತಗಳ ವಿರೋಧದಲ್ಲಿ ಘೋಷಣೆಯೊಂದನ್ನು ಅಂಗೀಕರಿಸಿತು: ಯೇಸುವಿನ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದು, ಅವರು ಶಾಪಗ್ರಸ್ತರೆಂದು ಕಲಿಸಬಾರದು. ಟ್ರೆಂಟಿನ ಆ ಮಗುವಿನ ಹೆಸರಿನ ಪೂಜೆಯೂ ಅದೇ ವರ್ಷ ನಿಂತಿತು. 1986ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ರೋಮಿನ ಯೆಹೂದ್ಯ ಪ್ರಾರ್ಥನಾಮಂದಿರಕ್ಕೆ ಹೋದರು. 2000ದಲ್ಲಿ ಜೆರುಸಲೇಮಿನ ಗೋಡೆಯ ಸಂದಿನಲ್ಲಿ ಕ್ಷಮೆ ಬೇಡುವ ಚೀಟಿ ಇಟ್ಟರು.

1965ರ ಘೋಷಣೆಯಲ್ಲಿ ಕ್ಷಮೆ ಎಂಬ ಪದವಿರಲಿಲ್ಲ, ಬಹಳ ತಡವಾಯಿತು ಎನ್ನುವವರಿದ್ದಾರೆ. ಅವರು ಹೇಳುವುದು ನಿಜ. ಆದರೂ ಅಷ್ಟು ಹಳೆಯ ಸಂಸ್ಥೆಯೊಂದು ತಾನು ಕಲಿಸಿದ್ದು ತಪ್ಪೆಂದು ಪಾಠ ಬದಲಿಸಿತು. ನಮ್ಮ ಮಠಗಳು, ನಮ್ಮ ಜಾತಿ ಸಂಘಗಳು, ನಮ್ಮ ಪಕ್ಷಗಳು ಹೀಗೆ ಮಾಡಿದ ದಿನ ಎಷ್ಟು, ನೀವೇ ಎಣಿಸಿ.

ಇಸ್ರೇಲು ಮತ್ತು ಪ್ಯಾಲೆಸ್ತೀನದ ವಿಚಾರ ಕೇಳುವವರಿದ್ದೀರಿ. ಅದು ಇನ್ನೊಂದು ದಿನದ ಭಾಷಣ. ಇಷ್ಟು ಮಾತ್ರ ಹೇಳುತ್ತೇವೆ: ಒಂದು ಸರಕಾರದ ಕೃತ್ಯವನ್ನು ಖಂಡಿಸಲು ಒಂದು ಕುಲವನ್ನು ದ್ವೇಷಿಸಬೇಕಾಗಿಲ್ಲ, ಒಂದು ಕುಲ ಅನುಭವಿಸಿದ ನೋವು ಇನ್ನೊಬ್ಬರನ್ನು ನೋಯಿಸಲು ಯಾರಿಗೂ ಪರವಾನಗಿಯಲ್ಲ.

ಇನ್ನು ನಮ್ಮ ಊರಿನ ಮಾತು. ಗಿರಣಿಯಲ್ಲಿ ಪಾಳಿ ಕಡಿಮೆಯಾದಾಗ, ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದಾಗ, ಸಾಲ ಕುತ್ತಿಗೆಗೆ ಬಂದಾಗ ಒಬ್ಬ ಬಂದು ನಿಮ್ಮ ಕಿವಿಯಲ್ಲಿ ಹೇಳುತ್ತಾನೆ: ಇದಕ್ಕೆಲ್ಲ ಇಂಥ ಜಾತಿಯವರು, ಇಂಥ ಮತದವರು ಕಾರಣ ಎಂದು. ಆ ಹೊತ್ತಿಗೆ ಸ್ಟ್ರಾಸ್‌ಬರ್ಗಿನ ಕಸಬುದಾರನನ್ನು ನೆನೆಯಿರಿ. ಅವನ ಕಷ್ಟ ಸುಳ್ಳಲ್ಲ, ಅವನ ಕೋಪವೂ ಸುಳ್ಳಲ್ಲ. ಅದನ್ನು ತಿರುಗಿಸಿದ ಕೈ ಬೇರೆಯವರದು. ಬಡ್ಡಿ ಹೆಚ್ಚಾದರೆ ಬಡ್ಡಿಯ ವಿರುದ್ಧ ಹೋರಾಡಿ, ಸಹಕಾರ ಸಂಘ ಕಟ್ಟಿ, ಕಾನೂನು ಕೇಳಿ. ಕೂಲಿ ಕಡಿಮೆಯಾದರೆ ಕೂಲಿ ಕೇಳಿ. ಗುಂಪು ಸೇರಿ ಯಾರದಾದರೂ ಮನೆಯ ಕಡೆ ಹೊರಟಿತೋ, ನಮ್ಮ ಸಂಘದ ಸದಸ್ಯನೊಬ್ಬನಾದರೂ ಮುಂದೆ ಹೋಗಿ ಬಾಗಿಲಿಗೆ ಅಡ್ಡ ನಿಂತು ಕೇಳಬೇಕು: “ಈ ಮನೆಗೆ ನೆಲಮಾಳಿಗೆ ಉಂಟೇ? ನೋಡಿದವರಾರು?”

ಅಷ್ಟು ಕೇಳುವ ಒಬ್ಬ ಸದಸ್ಯ ಪ್ರತಿ ಖಾತೆಯಲ್ಲಿ, ಪ್ರತಿ ಬೀದಿಯಲ್ಲಿ ಇದ್ದರೆ ನಮ್ಮ ಅಧ್ಯಯನ ಕೂಟ ನಡೆಸಿದ್ದಕ್ಕೆ ಸಾರ್ಥಕ.